ಕಾಲಿದ್ದ ಬಾಗಿಲು

೨೦೦೧ರಲ್ಲಿ, ಏಳನೆಯ ತರಗತಿಯ ನಡುವಿನಲ್ಲೇ ನಾನು ಶಾಲೆ ಬಿಟ್ಟೆ. ದಡ್ಡನೆಂದು ಬಿಟ್ಟದ್ದಲ್ಲ. ಇವತ್ತಿಗೂ ಹಳೆಯ ಮರಕ್ಕೆ ಎಣ್ಣೆ ಹಚ್ಚಿದರೆ ಆ ವಾಸನೆಗೆ ಆ ಮಧ್ಯಾಹ್ನ ಎದ್ದು ಬರುತ್ತದೆ.

ನೌಕಾನೆಲೆಗೆ ಜಾಗ ಹೋಗಿ, ಅರ್ಗಾದ ಮನೆ ಖಾಲಿ ಮಾಡಿ ಅಂಕೋಲೆಗೆ ಬಂದ ವರ್ಷ ಅದು. ‘ನಮ್ಮ ಮನೆ’ ಎಂಬ ಚಿತ್ರ ಬರೆಯಲು ಮಾಸ್ತರರು ಹೇಳಿದ್ದರು. ಚೆನ್ನಾಗಿ ಬಂದದ್ದನ್ನು ಗೋಡೆಗೆ ಅಂಟಿಸುವುದಿತ್ತು. ನಾನು ಕೆಂಪು ದಾರಿಯಲ್ಲಿ ನಡೆದು ಹೋಗುವ ಬಾಗಿಲು ಬರೆದೆ, ಅದರ ಕೆಳಗೆ ಎರಡು ಕಾಲು.

“ಎಂತದೋ ಇದು? ಬಾಗ್ಲಿಗೆ ಕಾಲು ಇರ್ತದೇನೋ, ಮಳ್ಳ?” ಎಂದು ಮಾಸ್ತರರು ಹಾಳೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ತರಗತಿಗೆ ತರಗತಿಯೇ ನಕ್ಕಿತು. ಯಾಕೆ ಹೀಗೆ ಬರೆದೆ ಎಂದು ಒಂದು ಮಾತು ಕೇಳಲಿಲ್ಲ ಆ ಮನುಷ್ಯ.

ಮನೆಯಲ್ಲಿ ಹಳೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ.

“ನಿನ್ನಪ್ಪನ ಕಾಲಲ್ದನೋ ಇದು? ಲಾರಿ ತನಕ ಬಾಗ್ಲು ಬೆನ್ನಿಗೆ ಹೊತ್ಕಂಡು ಹೋದ್ನಲ್ಲ! ನಿನ್ನ ಮಾಸ್ತರ್ರಿಗೆ ಕಣ್ಣಿಲ್ವ?”

ಮತ್ತೆ ನಾನು ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಈಗ ನನಗೆ ಬಾಳೆಗುಳಿಯಲ್ಲಿ ಮರಗೆಲಸದ ಅಂಗಡಿಯೊಂದಿದೆ. ಮೂರು ಗರಗಸ, ಒಂಬತ್ತು ಉಳಿ, ಮಾರಲು ಇಡದ ಒಂದು ಬಾಗಿಲು, ಆ ಬಾಗಿಲಿಗೆ ಅಂಟಿಸಿದ ಒಂದು ಚಿತ್ರ.