ತಾರೀಖು ಮೀರಿದ ಗುಳಿಗೆ

ತಾರೀಖು ಮೀರಿದ ಒಂದು ಗುಳಿಗೆಯನ್ನೂ ಗಿರಾಕಿಯ ಕೈಗಿಟ್ಟವನಲ್ಲ ಎಂದು ಔಷಧಿ ಅಂಗಡಿಯ ಚನಬಸಪ್ಪನಿಗೆ ಊರಲ್ಲೆಲ್ಲ ಹೆಸರಿತ್ತು. ತಿಂಗಳು ಮುಗಿಯುತ್ತಲೇ ಕಪಾಟುಗಳನ್ನೆಲ್ಲ ಜಾಲಾಡಿ, ಅವಧಿ ಮುಗಿದದ್ದನ್ನು ಕಂಪನಿಗೆ ವಾಪಸು ಕಳಿಸಲೆಂದು ಮನೆಯ ಪಡಸಾಲೆಯ ರಟ್ಟಿನ ಡಬ್ಬಿಗೆ ಸುರಿಯುತ್ತಿದ್ದ. ಅವ್ವನ ಬಿಪಿ ಗುಳಿಗೆಯನ್ನಂತೂ ಹೊಸ ಮಾಲಿನಲ್ಲೇ ಆರಿಸಿ, ತಾರೀಖನ್ನು ಎರಡೆರಡು ಸಲ ಓದಿ ಅವಳ ಕೈಗೆ ಕೊಡುತ್ತಿದ್ದ.

ಆದರೂ ಬಿಪಿ ಇಳಿಯಲೊಲ್ಲದು. ಡಾಕ್ಟರು ಡೋಸ್ ಏರಿಸಿ ನೋಡಿದರು, ಉಪ್ಪು ಬಿಡಿಸಿ ನೋಡಿದರು. ಒಂದು ದಿನ ರೊಟ್ಟಿ ಬಡಿಯುತ್ತ ಕುಳಿತ ಅವ್ವ ಹಾಗೇ ಪಕ್ಕಕ್ಕೆ ಒರಗಿದಳು, ಮತ್ತೆ ಏಳಲಿಲ್ಲ.

ಶಿವಗಣಾರಾಧನೆ ಮುಗಿದ ಮೇಲೆ ಅವಳ ಟ್ರಂಕು ತೆರೆದರೆ, ಸೀರೆಗಳ ಅಡಿಯಲ್ಲಿ ಅವನು ತಂದುಕೊಟ್ಟ ಗುಳಿಗೆಗಳೆಲ್ಲ ಹಾಗೇ ಇದ್ದವು. ಒಂದು ಸ್ಟ್ರಿಪ್ಪನ್ನೂ ಒಡೆದಿರಲಿಲ್ಲ.

“ದಿನಾ ನನ್ನ ಕಣ್ಣ ಮುಂದನ ಗುಳಿಗಿ ನುಂಗತಿದ್ಲಲ್ಲ!” ಎಂದ ಹೆಂಡತಿಗೆ.

ಅವಳು ಪಡಸಾಲೆಯ ಡಬ್ಬಿಯತ್ತ ನೋಡಿದಳು.

“ಅದರಾಗಿನವು ತಗೋತಿದ್ರು. ನಿಮಗ ಹೇಳದಂಗ ಆಣಿ ಮಾಡಿಸಿದ್ರು. ಬ್ಯಾಡ ಅತ್ತಿ ಅಂದ್ರ, ‘ಚಲೋವು ಗಿರಾಕಿಗಿರ್ಲಿ. ಜಲ್ಮೆಲ್ಲಾ ತಂಗಳ ರೊಟ್ಟಿ ತಿಂದಾಕಿ ನಾ, ತಂಗಳ ಗುಳಿಗಿ ನನಗೇನ ಮಾಡತಾವು?’ ಅಂತಿದ್ರು.”