ಪಕ್ಕದ ಮನೆಗೆ ಹೋದ ಸಿಟ್ಟು

ಮೆಂತ್ಯದ ಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದೆ. ಪಕ್ಕದ ಮನೆಯ ಫಕೀರವ್ವ ಗೋಡೆಯಾಚೆಯಿಂದ ಕೂಗಿದಳು: “ಅಕ್ಕಾರ, ನಿಮ್ಮ ಚಸ್ಮಾ ಅಕ್ಕಿ ಡಬ್ಬ್ಯಾಗ ಐತ್ರಿ!”

ನಮ್ಮೂರಲ್ಲಿ ವಯಸ್ಸಾದವರು ಮರೆತದ್ದೆಲ್ಲ ರಾತ್ರಿ ಪಕ್ಕದ ಮನೆಯವರ ನೆನಪಿಗೆ ಹೋಗುತ್ತದೆ. ಬೆಳಿಗ್ಗೆ ಅವರು ಬಾಯಿಬಿಟ್ಟು ಹೇಳಿದರೆ ನಮಗೆ ವಾಪಸು ಬರುತ್ತದೆ. ನೌಕರಿ ಮುಗಿದ ಮೇಲೆ ನನ್ನ ಸಂಸಾರ ನಡೆದಿರುವುದೇ ಹೀಗೆ.

“ಇನ್ನೊಂದು ಐತ್ರಿ. ನಿಮ್ಮ ತಂಗಿ ಕಸ್ತೂರಿ ನಿಮಗ ಏನಂದಿದ್ಲು ಅನ್ನೋದು. ಆಕಿ ಮಾರಿನೂ ನಾ ನೋಡಿಲ್ಲ, ಆದ್ರೂ ಸಿಟ್ಟು ಬಂದು ರಾತ್ರಿಯೆಲ್ಲಾ ನಿದ್ದಿ ಹತ್ತಲಿಲ್ಲ! ಹೇಳ್ಲೇನ್ರಿ?”

ಕೈ ನಿಂತಿತು. ಮನೆಗೆ ಬಾ ಎಂದು ಕಸ್ತೂರಿಗೆ ಬರೆದ ಕಾಗದವನ್ನು ಆ ಮಾತಿನ ಸಿಟ್ಟಿಗೇ ಕಳಿಸದೆ ವರ್ಷಗಟ್ಟಲೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಈಗ ಎಷ್ಟು ಹುಡುಕಿದರೂ ಆ ಮಾತು ನೆನಪಿಗೆ ಸಿಗಲಿಲ್ಲ. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ಕೂರುತ್ತಿದ್ದ ತಂಗಿ ಮಾತ್ರ ಸಿಕ್ಕಳು.

“ಬ್ಯಾಡ ಫಕೀರವ್ವ, ನಿನ್ನ ಹತ್ರನ ಇರ್ಲಿ.”

“ಅಯ್ಯ, ನಿಮ್ಮ ಜಗಳ ನಾ ಯಾಕ ಸಾಕ್ಲಿ?”

“ನೀನೂ ಮುದುಕಿನ, ಮರತಬಿಡು. ನಿನ್ನ ಆಚಿ ಮನಿ ಖಾಲಿ ಐತಲ್ಲ, ಅಲ್ಲೇ ಹೋಗಿ ಬಿದ್ದಿರ್ಲಿ.”

ಫಕೀರವ್ವ ಬಿದ್ದು ಬಿದ್ದು ನಕ್ಕಳು. ಆದರೆ ಅವಳ ಹೊಟ್ಟೆಯಲ್ಲಿ ಯಾವ ಮಾತೂ ಬಹಳ ಹೊತ್ತು ನಿಲ್ಲುವುದಿಲ್ಲ. ಅವಳು ಮತ್ತೆ ಬಾಯಿ ತೆರೆಯುವ ಮೊದಲೇ ಟ್ರಂಕಿನಿಂದ ಕಾಗದ ತೆಗೆದುಕೊಂಡು, ಓಣಿಯ ತುದಿಗೆ ಹೋಗಿ, ಟಪಾಲು ಡಬ್ಬಿಗೆ ಹಾಕಿಬಿಟ್ಟೆ.