ಕೀ ತೆಗೆದ ಮೇಲೆ

ಎರಡು ದಿನ ನಿಲ್ಲಿಸಿದರೆ ಸ್ಕೂಟರಿನ ಬ್ಯಾಟರಿ ಇಳಿದುಹೋಗುತ್ತದೆ ಎಂದು ಹೆಂಗಸೊಬ್ಬಳು ರಿಪೇರಿ ಅಂಗಡಿಗೆ ಬಂದಿದ್ದಳು. ಶಾಲೆ ಬಿಟ್ಟಂದಿನಿಂದ ಅಪ್ಪನ ಬಳಿಯೇ ವೈರಿಂಗ್ ಕಲಿತಿದ್ದ ಹುಡುಗಿ ಸೀಟು ಎತ್ತಿದಳು. ಬ್ಯಾಟರಿಯ ಹಿಂದೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದು ಅವಿತಿತ್ತು.

“ಏನಮ್ಮ ಅದು?”

“ಗಾಡಿ ಎಲ್ಲಿದೆ ಅಂತ ಫೋನಲ್ಲಿ ತೋರಿಸೋದು, ಅಕ್ಕಾ. ಕೀ ವೈರಿಗೆ ಕೊಟ್ಟಿದ್ರೆ ಕೀ ತೆಗೆದ ಕೂಡ್ಲೇ ಆಫ್ ಆಗ್ತಿತ್ತು. ನೇರ ಬ್ಯಾಟರಿಗೇ ಕೊಟ್ಟಿದ್ದಾರೆ, ಹಗಲೂ ರಾತ್ರಿ ಚಾರ್ಜು ಕುಡೀತಿದೆ.”

ಹೆಂಗಸು ಬಗ್ಗಿ ಡಬ್ಬಿಯನ್ನು ನೋಡಿದಳು.

“ಅದಕ್ಕೇ! ಬೇಕರಿ ಮುಂದೆ ನಿಂತ್ರೆ ಸಾಕು, ಬನ್ನು ತಗೊಂಡು ಬಾ ಅಂತ ನಮ್ಮ ಯಜಮಾನ್ರ ಫೋನು. ನಾನದನ್ನ ಪ್ರೀತಿ ಅಂದ್ಕೊಂಡಿದ್ದೆ, ನೋಡು. ಯಾವ ಪುಣ್ಯಾತ್ಮ ಹಾಕಿದ್ನೋ ಇದನ್ನ!”

ಹುಡುಗಿ ಡಬ್ಬಿಯ ವೈರನ್ನು ಈಚೆಗೆಳೆದು ನೋಡಿದಳು. ಜಾಯಿಂಟಿಗೆ ಕಪ್ಪು ಟೇಪು, ತುದಿಗೆ ಒಂದೇ ಸುತ್ತು ಕೆಂಪು ಟೇಪು. ಊರಲ್ಲಿ ಹಾಗೆ ಸುತ್ತುವವರು ಒಬ್ಬರೇ, ಅವಳಪ್ಪ.

“ಕಿತ್ತರೆ ಯಜಮಾನ್ರಿಗೆ ಗೊತ್ತಾಗತ್ತೆ. ಕೀ ವೈರಿಗೇ ಕೊಟ್ಬಿಡು ತಾಯಿ. ಕೀ ತೆಗೆದ ಮೇಲಾದ್ರೂ ನಾನೊಬ್ಳೇ ಇರ್ತೀನಿ.”

ಅಪ್ಪ ಆಚೆ ಗಿರಾಕಿಯೊಬ್ಬನಿಗೆ ಹೊಸ ಹಾರ್ನು ಬಾರಿಸಿ ತೋರಿಸುತ್ತಿದ್ದ. ಹುಡುಗಿ ಬೆನ್ನು ಅಡ್ಡ ಕೊಟ್ಟು ಕೂತು, ವೈರು ಬದಲಿಸಿ, ಅಪ್ಪನ ಹಾಗೆಯೇ ಕೆಂಪು ಟೇಪು ಸುತ್ತಿದಳು.

ಸಂಜೆ ಅವಳಿಗೆ ಯಾಕೋ ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಎಂದೂ ಹೋಗದ ಬೀದಿಯೊಂದಕ್ಕೆ ತಿರುಗಿ, ಹೂವಿನಂಗಡಿಯ ಮುಂದೆ ತನ್ನ ಸ್ಕೂಟರು ನಿಲ್ಲಿಸಿ, ಕೀ ತೆಗೆದಳು. ಅಷ್ಟರಲ್ಲಿ ಅಂಗಡಿಯಿಂದ ಅಪ್ಪನ ಫೋನು ಬಂತು.

“ಹೂವಿನಂಗಡಿ ಹತ್ರಾನೇ ಇದ್ದೀಯಲ್ಲ ಮಗಳೇ, ನಿಮ್ಮಮ್ಮಂಗೆ ಎರಡು ಮೊಳ ಮಲ್ಲಿಗೆ ತಗೊಂಡು ಬಾ.”